ಮೀನು ತೋರಿಸುವವನು

ಚೀಲದೊಳಗೆ ಕೈ ಹಾಕಿ ಹಸಿರು ಸಂಚಿಯನ್ನು ಹೊರತೆಗೆದ ಚನ್ನವೀರೇಶನಿಗೆ, ಅದರ ದಾರ ಸಡಿಲಿಸುವ ಮೊದಲೇ ಏನೋ ಎಡವಟ್ಟಾಗಿದೆ ಅನ್ನಿಸಿತು. ತೂಕ ಸರಿಯಾಗಿತ್ತು. ಗಾತ್ರವೂ ಹೆಚ್ಚೂಕಡಿಮೆ ಅದೇ. ಆದರೆ ಸಂಚಿಯಿಂದ ವಿಭೂತಿಯ ವಾಸನೆ ಬರುತ್ತಿತ್ತು. ಮೀನು ಹುಡುಕುವ ಚೆಂಡಿಗೆ ವಿಭೂತಿಯ ವಾಸನೆ ಇರುವುದಿಲ್ಲ. ಎಷ್ಟು ಒರೆಸಿದರೂ ಬಿಡದ ಪಾಚಿಯ ವಾಸನೆ ಇರುತ್ತದೆ. ದಾರ ಸಡಿಲಿಸಿ ನೋಡಿದ. ಒಳಗೆ ದುಂಡನೆಯ ಬೆಳ್ಳಿ ಕರಡಿಗೆ ತಣ್ಣಗೆ ಕೂತಿತ್ತು, ಅದರೊಳಗೆ ಅವನ ಇಷ್ಟಲಿಂಗ. ಇದು ಈಗ ಬಸವೇಶ್ವರನಗರದ ಮನೆಯಲ್ಲಿ ದೇವರ ಜಗಲಿಯ ಮೇಲೆ, ಅವ್ವನ ಸಂಚಿಗೂ ಹೆಂಡತಿ ಶಿವರಂಜನಿಯ ಸಂಚಿಗೂ ನಡುವೆ ಇರಬೇಕಾಗಿತ್ತು. ಇದು ಇಲ್ಲಿದೆ ಅಂದಮೇಲೆ ಚೆಂಡು ಅಲ್ಲಿದೆ. ಗಡಿಯಾರ ನೋಡಿಕೊಂಡ. ಏಳು ಗಂಟೆ ಹತ್ತು ನಿಮಿಷ. ಎಂಟಕ್ಕೆ ಅವ್ವ ಪೂಜೆಗೆ ಕೂರುತ್ತಾಳೆ. ಮದ್ದೂರಿನಿಂದ ಆಚೆ ಶಿಂಷಾ ನದಿಯ ದಂಡೆಯಲ್ಲಿ, ಗೆಳೆಯ ಮಹದೇವನ ಭಾವನ ತೆಂಗಿನ ತೋಟದ ಹಿಂದೆ, ಜನವರಿಯ ಭಾನುವಾರದ ಎಳೆ ಬಿಸಿಲಿನಲ್ಲಿ ನಿಂತು ಅವನು ಮನೆಗೆ ಎಂಬತ್ತು ಕಿಲೋಮೀಟರು ಎಂದು ಲೆಕ್ಕ ಹಾಕಿದ. ಮಹದೇವನ ಓಮ್ನಿ ಅರವತ್ತರ ಮೇಲೆ ಹೋದರೆ ಅದುರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿದ. ಆಗುವುದಿಲ್ಲ.

"ಏನ್ ವೀರೇಶಣ್ಣ, ಬ್ಯಾಟ್ರಿ ಸತ್ತೋಯ್ತಾ?" ನೀರಿನ ಅಂಚಿನಲ್ಲಿ ಕೂತು ಗಾಳಕ್ಕೆ ದಾರ ಕಟ್ಟುತ್ತಿದ್ದ ಮಹದೇವ ತಿರುಗದೆಯೇ ಕೇಳಿದ.

"ಚೆಂಡು ತಂದಿಲ್ಲ."

"ತಂದಿಲ್ವಾ? ಮತ್ತೆ ಕೈಯಲ್ಲೇನದು?"

"ಇದು ಬೇರೆ."

ಮಹದೇವ ಎದ್ದು ಬಂದು ಬಗ್ಗಿ ನೋಡಿದ. ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದು ತಲೆಯ ಮೇಲಿನ ಟೋಪಿ ತೆಗೆದ. "ಅಯ್ಯಯ್ಯೋ! ಇದನ್ಯಾಕಣ್ಣ ಇಲ್ಲಿಗ್ ತಂದ್ರಿ? ನನ್ನ ಕೈಯೆಲ್ಲ ಎರೆಹುಳ. ಮೊದ್ಲೇ ಹೇಳ್ಬಾರ್ದಾ, ಅಷ್ಟೊತ್ತಿಂದ ಗಾಡೀಲಿ ಏನೇನ್ ಮಾತಾಡ್ದೆ ನಾನು!" ನಾಯಂಡಹಳ್ಳಿಯಿಂದ ಇಲ್ಲಿಯವರೆಗೆ ಆಡಿದ ಮಾತುಗಳನ್ನೆಲ್ಲ ಒಂದು ಸಲ ನೆನಪಿಸಿಕೊಂಡವನಂತೆ ಕೆನ್ನೆ ಬಡಿದುಕೊಂಡ. ಆಮೇಲೆ ನಗು ತಡೆಯಲಾರದೆ ತೋಟದ ಕಡೆ ಮುಖ ತಿರುಗಿಸಿದ. ಅವನ ಭುಜ ಕುಲುಕುತ್ತಿತ್ತು.

ತಪ್ಪು ಹೇಗಾಯಿತೆಂಬುದು ಚನ್ನವೀರೇಶನಿಗೆ ಸ್ಪಷ್ಟವಾಗಿ ಗೊತ್ತಿತ್ತು, ಅದೇ ಅವನನ್ನು ಹೆಚ್ಚು ಚುಚ್ಚಿತು. ಶಿವರಂಜನಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಇಳಕಲ್ ಸೀರೆಯ ಕುಪ್ಪಸದಲ್ಲಿ ಉಳಿದ ತುಂಡಿನಿಂದ ಅವನ ಲಿಂಗಕ್ಕೆಂದು ಎರಡು ಸಂಚಿ ಹೊಲಿದಿದ್ದಳು, ಒಂದನ್ನು ಒಗೆದಾಗ ಇನ್ನೊಂದು ಇರಲೆಂದು. ಎರಡನೆಯದು ಕಳೆದುಹೋಯಿತು ಎಂದು ಅವನು ಎರಡು ವರ್ಷದ ಹಿಂದೆ ಹೇಳಿದ್ದ. ಅದು ಕಳೆದಿರಲಿಲ್ಲ, ಚೆಂಡಿನ ಮೈ ಗೀರಬಾರದೆಂದು ಚೆಂಡಿಗೆ ಹೋಗಿತ್ತು. ಮನೆಯ ಉಳಿದ ಪ್ಲಗ್ಗುಗಳಿಗೆಲ್ಲ ಏನಾದರೊಂದು ಸಿಕ್ಕಿಸಿಕೊಂಡೇ ಇರುವುದರಿಂದ, ಯಾರ ಕಣ್ಣಿಗೂ ಬೀಳದಂತೆ ಚೆಂಡನ್ನು ಚಾರ್ಜ್ ಮಾಡಲು ಉಳಿದಿದ್ದು ಜಗಲಿಯ ಹಿಂದಿನ ಪ್ಲಗ್ ಒಂದೇ. ಇವತ್ತು ಬೆಳಗಿನ ಐದಕ್ಕೆ ದೀಪ ಹಾಕದೆ, ಚೆಂಡನ್ನು ವೈರಿನಿಂದ ಬಿಡಿಸಿ, ತಡಕಾಡಿ ಸಂಚಿಗೆ ಹಾಕಿ, ಚಪ್ಪಲಿ ಎಲ್ಲಿ ಎಂದು ನೋಡಲು ಹೋಗಿ ಬರುವಷ್ಟರಲ್ಲಿ ಕೈ ಪಕ್ಕದ ಸಂಚಿಗೆ ಹೋಗಿತ್ತು. ಎರಡೂ ನೂರು ಗ್ರಾಂ ಆಸುಪಾಸು. ಕತ್ತಲಲ್ಲಿ ಬೆರಳಿಗೆ ಎರಡೂ ಒಂದೇ.

ಕರಡಿಗೆಯನ್ನು ಎಲ್ಲಿಡುವುದು? ಓಮ್ನಿಯ ಡ್ಯಾಶ್‌ಬೋರ್ಡಿನ ಮೇಲೆ ಹುಳದ ಡಬ್ಬಿ ಇತ್ತು. ಹಿಂದಿನ ಸೀಟಿನಲ್ಲಿ ಮೀನಿನ ಐಸ್ ಪೆಟ್ಟಿಗೆ. ತೆಂಗಿನ ಮರಕ್ಕೆ ನೇತುಹಾಕಿದರೆ ಅಳಿಲು. ಕೊನೆಗೆ ಸಂಚಿಯ ದಾರವನ್ನು ಉದ್ದ ಮಾಡಿ ಕೊರಳಿಗೆ ಹಾಕಿಕೊಂಡು ಅಂಗಿಯ ಒಳಗೆ ಇಳಿಬಿಟ್ಟ. ಎದೆಗೆ ತಣ್ಣನೆಯ ಭಾರ ತಾಗಿದಾಗ ಒಂದು ಕ್ಷಣ ಮೈ ನವಿರೆದ್ದಿತು. ಇಪ್ಪತ್ತೆರಡು ವರ್ಷವಾಗಿತ್ತು ಹೀಗೆ ಧರಿಸಿ. ಸ್ಕ್ಯಾನಿಂಗ್ ಸೆಂಟರಿಗೆ ವರದಿ ಟೈಪ್ ಮಾಡಲು ಸೇರಿದ ಮೊದಲ ತಿಂಗಳು ಅಂಗಿಯೊಳಗಿನ ಉಬ್ಬನ್ನು ನೋಡಿ ಒಬ್ಬಳು ನರ್ಸ್, ಕಾಯುತ್ತ ಕೂತ ಹನ್ನೆರಡು ಜನರ ಎದುರಿಗೆ, "ಸಾರ್, ಅದು ಪೇಸ್‌ಮೇಕರ್ರಾ?" ಎಂದು ಕೇಳಿದ್ದಳು. ಅವಳು ನಿಜವಾದ ಕಾಳಜಿಯಿಂದಲೇ ಕೇಳಿದ್ದು. ಹನ್ನೆರಡೂ ಜನ ನಕ್ಕಿದ್ದರು, ಅವನೂ ನಕ್ಕಿದ್ದ. ಮಾರನೆಯ ದಿನದಿಂದ ಲಿಂಗ ಜಗಲಿಯ ಮೇಲೆ ಉಳಿಯಿತು. ಮೊದಮೊದಲು ದಿನಾ ಬೆಳಗ್ಗೆ ಪೂಜೆ ಮಾಡುತ್ತಿದ್ದ, ಆಮೇಲೆ ಸೋಮವಾರಗಳಲ್ಲಿ, ಆಮೇಲೆ ಅವ್ವ ನೋಡುತ್ತಿದ್ದಾಗ. ಅವನು ಪೂಜೆ ಮಾಡದೆ ಹೊರಟ ದಿನ ಅವ್ವ ಗಿರಿಜಾದೇವಿಯೇ ಅವನ ಸಂಚಿ ಬಿಚ್ಚಿ, ಲಿಂಗಕ್ಕೆ ನೀರು ಹಾಕಿ, ವಿಭೂತಿ ಹಚ್ಚಿ, ಒಂದು ಪತ್ರೆ ಇಟ್ಟು, ಮತ್ತೆ ಕಟ್ಟಿಡುತ್ತಾಳೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವ ಹಾಗಿಲ್ಲ ಎಂದು ಮನೆಗೆ ಬಂದ ಸ್ವಾಮಿಗಳೊಬ್ಬರು ಹೇಳಿದಾಗ, "ಹಂಗಾರ ನೀವ ಬಂದು ಅವನ್ನ ಎಬ್ಬಸ್ರಿ" ಅಂದಿದ್ದಳು. ಸ್ವಾಮಿಗಳು ಆಮೇಲೆ ಆ ವಿಷಯ ಎತ್ತಲಿಲ್ಲ.

ಏಳೂಕಾಲು. ಫೋನು ತೆಗೆದ. ಶಿವರಂಜನಿಗೆ ಒಂದು ಸಾಲು ಬರೆದರೆ ಮುಗಿಯುತ್ತಿತ್ತು. 'ಅವ್ವನಿಗೆ ನನ್ನ ಸಂಚಿ ಬಿಚ್ಚಬೇಡ ಎನ್ನು' ಎಂದು ಟೈಪ್ ಮಾಡಿದ. ಯಾಕೆ ಎಂದು ಕೇಳುತ್ತಾಳೆ. ಅಳಿಸಿದ. 'ಸಂಚಿ ನಾನು ತಂದಿದ್ದೇನೆ' ಎಂದು ಟೈಪ್ ಮಾಡಿದ. ಹಾಗಾದರೆ ಇಲ್ಲಿರುವುದು ಏನು ಎಂದು ಕೇಳುತ್ತಾಳೆ. ಅದನ್ನೂ ಅಳಿಸಿದ. ದಿನಕ್ಕೆ ನಲವತ್ತು ವರದಿಗಳನ್ನು, ಡಾಕ್ಟರು ಹೇಳಿದ ವೇಗದಲ್ಲೇ, ಒಂದು ಅಕ್ಷರ ತಪ್ಪದಂತೆ ಟೈಪ್ ಮಾಡುವ ಬೆರಳುಗಳಿಗೆ ಒಂದು ಸಾಲು ಹೊಳೆಯಲಿಲ್ಲ. ಯಾಕೆಂದರೆ ಅವನು ಮೀನಿನ ಹತ್ತಿರ ಬಂದಿದ್ದಾನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನು ಸೈಟ್ ನೋಡಲು ಬಂದಿದ್ದ. ಎರಡು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಅವನು ಮೈಸೂರು ರಸ್ತೆಯಲ್ಲಿ ಸೈಟ್ ನೋಡುತ್ತಿದ್ದ, ಒಂದೂ ಸರಿಹೊಂದುತ್ತಿರಲಿಲ್ಲ. ಸುಳ್ಳಿನಲ್ಲೂ ಅವನು ಅಂದಾಜು ಮಾತಾಡುವವನಲ್ಲ. ಬಿಡದಿಯದಕ್ಕೆ ಈಶಾನ್ಯ ಮೂಲೆ ಮೊಂಡು, ರಾಮನಗರದ್ದರ ಮೇಲೆ ಹೈಟೆನ್ಷನ್ ತಂತಿ, ಚನ್ನಪಟ್ಟಣದ್ದು ಮೂವತ್ತು ನಲವತ್ತು ಅಂತ ಹೇಳಿ ಅಳೆದರೆ ಇಪ್ಪತ್ತೊಂಬತ್ತೂವರೆ. ಶಿವರಂಜನಿ ಎಲ್ಲವನ್ನೂ ಗಮನವಿಟ್ಟು ಕೇಳುತ್ತಿದ್ದಳು. "ಮದ್ದೂರಲ್ಲಿ ನೀರು ಹೇಗ್ರೀ?" ಎಂದು ಒಮ್ಮೆ ಕೇಳಿದಾಗ ಅವನ ಬಾಯಿಂದ ತಟ್ಟನೆ, "ಹನ್ನೊಂದು ಅಡಿಗೇ ಇದೆ" ಎಂದು ಬಂದಿತ್ತು. ಅದು ಮಾತ್ರ ನಿಜ. ಆ ಬೆಳಗ್ಗೆ ಈ ಬಂಡೆಯ ಎದುರಿಗೇ ಚೆಂಡು ತೋರಿಸಿದ ಆಳ ಅದು.

"ಈಗೇನ್ ಮಾಡೋದಣ್ಣ? ಕಣ್ಣಿಲ್ದೆ ಹೆಂಗ್ ಹಾಕ್ಲಿ?" ಮಹದೇವ ನೀರನ್ನೇ ನೋಡುತ್ತ ಅಂದ. ಚೆಂಡು ಬರುವ ಮೊದಲು ಇಪ್ಪತ್ತು ವರ್ಷ ಅವನು ಕಣ್ಣಿಲ್ಲದೆಯೇ ಗಾಳ ಹಾಕಿದ್ದ. ಅದನ್ನು ಅವನಿಗೆ ನೆನಪಿಸಲು ಚನ್ನವೀರೇಶನಿಗೆ ಮನಸ್ಸಾಗಲಿಲ್ಲ.

ಚೆಂಡು ಮಹದೇವನದೇ. ನಾಯಂಡಹಳ್ಳಿಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿರುವ ಅವನು ಕಿಡ್ನಿಯ ಕಲ್ಲಿಗೆಂದು ಸ್ಕ್ಯಾನಿಂಗಿಗೆ ಬಂದಿದ್ದ. ಹೊಟ್ಟೆ ತುಂಬ ನೀರು ಕುಡಿದು ಸರದಿಗೆ ಕಾಯುತ್ತ, ನೋವು ಮರೆಯಲು ಮೊಬೈಲಿನಲ್ಲಿ ಏನೋ ನೋಡುತ್ತಿದ್ದವನು ತಟ್ಟನೆ ಕೌಂಟರಿಗೆ ಬಂದು, "ಸಾರ್, ಇದೂ ಸ್ಕ್ಯಾನಿಂಗೇ ಅಲ್ವಾ? ನಿಮ್ಗೆ ಅರ್ಥ ಆಗತ್ತಾ?" ಎಂದು ಪರದೆ ತೋರಿಸಿದ್ದ. ಕೆಳಗೆ ದಪ್ಪ ಹಳದಿ ಪಟ್ಟೆ, ಮೇಲೆ ನೀಲಿ, ನಡುವೆ ಚುಕ್ಕೆಗಳು, ಕಮಾನುಗಳು. ಚನ್ನವೀರೇಶ ಅಂಥ ಪರದೆಯನ್ನು ಅದುವರೆಗೆ ನೋಡಿರಲಿಲ್ಲ, ಆದರೆ ಇಪ್ಪತ್ತು ವರ್ಷ ಡಾಕ್ಟರ ಬೆನ್ನ ಹಿಂದೆ ಕೂತು ಬೂದು ಬಣ್ಣದ ಹೊಟ್ಟೆಗಳನ್ನು ನೋಡಿದ್ದ. "ಇದು ತಳ. ದಪ್ಪ ಇದೆ ಅಂದ್ರೆ ಕಲ್ಲು. ಇಲ್ಲಿ ತೆಳು, ಕೆಸರು. ಇದು ಕಳೆ ಇರ್ಬೇಕು. ಇದು ಅಲುಗಾಡೋದು," ಎಂದು ಬೆರಳಿಟ್ಟು ಹೇಳಿದ. ಮಹದೇವ ನೋವಿನಲ್ಲೂ ಅವನ ಕೈ ಹಿಡಿದುಕೊಂಡಿದ್ದ. ನಾಲ್ಕು ಮಿಲಿಮೀಟರಿನ ಆ ಕಲ್ಲು ಎಂಟು ದಿನದಲ್ಲಿ ತಾನಾಗಿ ಬಿದ್ದುಹೋಯಿತು, ಸ್ನೇಹ ಉಳಿಯಿತು. ವರ್ಕ್‌ಶಾಪಿನ ಕಬ್ಬಿಣದ ಪುಡಿ ಚೆಂಡಿನ ಪಿನ್ನುಗಳಿಗೆ ಅಂಟುತ್ತದೆಂದು ಅದನ್ನು ಇಟ್ಟುಕೊಳ್ಳುವ ಕೆಲಸ ಚನ್ನವೀರೇಶನ ಪಾಲಿಗೆ ಬಂತು.

ತಾನು ಬರುವುದು ಮೀನು ಹಿಡಿಯುವುದಕ್ಕಲ್ಲ ಎಂದು ಅವನು ಮೊದಲ ದಿನವೇ ಸ್ಪಷ್ಟ ಮಾಡಿದ್ದ. ಗಾಳ ಮುಟ್ಟುವುದಿಲ್ಲ, ಹುಳ ಮುಟ್ಟುವುದಿಲ್ಲ, ಮೀನು ಮುಟ್ಟುವುದಿಲ್ಲ. ದಪ್ಪ ಕೋಲಿನ ದಾರದ ತುದಿಗೆ ಚೆಂಡನ್ನು ಕಟ್ಟಿ ಬೀಸಿ ಎಸೆಯುವುದು ಮಾತ್ರ ಅವನ ಕೆಲಸ. ನೀರಿಗೆ ತಾಗಿದ ಕೂಡಲೇ ಚೆಂಡು ತಾನಾಗಿ ಎಚ್ಚರಗೊಂಡು, ಮಿಣುಕು ದೀಪ ಹಚ್ಚಿಕೊಂಡು, ಕಿವಿಗೆ ಕೇಳದ ಶಬ್ದವನ್ನು ಕೆಳಕ್ಕೆ ಕಳಿಸುತ್ತದೆ. ಶಬ್ದ ತಳಕ್ಕೆ, ಕಲ್ಲಿಗೆ, ಮೀನಿನ ಮೈಯೊಳಗಿನ ಗಾಳಿಚೀಲಕ್ಕೆ ಬಡಿದು ಹಿಂದಿರುಗುತ್ತದೆ. ರೀಲು ಸುತ್ತಿ ನಿಧಾನವಾಗಿ ಎಳೆದಂತೆ ನದಿಯ ಹೊಟ್ಟೆ ಮೊಬೈಲಿನ ಮೇಲೆ ಬಲದಿಂದ ಎಡಕ್ಕೆ ಸರಿಯುತ್ತದೆ. ಪರದೆಯ ಮೇಲೆ ಮೀನಿನ ಚಿತ್ರ ಬರೆದು ತೋರಿಸುವ ಸೌಕರ್ಯವೂ ಅದರಲ್ಲಿತ್ತು. ಗಾಳಿಗುಳ್ಳೆಗೂ ಪ್ಲಾಸ್ಟಿಕ್ ಕವರಿಗೂ ಅದು ಮೀನಿನ ಚಿತ್ರವನ್ನೇ ಬರೆಯುತ್ತದೆಂದು ತಿಳಿದ ಮೂರನೆಯ ಭಾನುವಾರವೇ ಅವನು ಅದನ್ನು ಬಂದ್ ಮಾಡಿದ್ದ. ಹಾದುಹೋಗುವ ಮೀನು ಕಮಾನಾಗಿ ಕಾಣುತ್ತದೆ, ನಿಂತ ಮೀನು ಗೆರೆಯಾಗಿ. ಅದನ್ನು ಓದಿ, "ಎಡಗಡೆ ಬಂಡೆಯಿಂದ ಎರಡು ಮಾರು ಆಚೆ, ಒಂಬತ್ತು ಅಡಿ, ಎರಡಿವೆ" ಎಂದು ಹೇಳಿ ಅವನು ಕಾಫಿಯ ಫ್ಲಾಸ್ಕ್ ತೆರೆಯುತ್ತಿದ್ದ. ಮುಂದಿನದು ಮಹದೇವನದು. ಎಳೆಯುವಾಗ, ಒದ್ದಾಡುವಾಗ, ತಲೆಗೆ ಮರದ ತುಂಡಿನಿಂದ ಒಂದು ಏಟು ಹಾಕುವಾಗ ಚನ್ನವೀರೇಶ ತೆಂಗಿನ ಗರಿಗಳ ನಡುವಿನ ಆಕಾಶ ನೋಡುತ್ತಿದ್ದ. ಆಮೇಲೆ ನೋಟ್‌ಬುಕ್ಕಿನಲ್ಲಿ ತಾರೀಖು, ಆಳ, ನೀರಿನ ಉಷ್ಣಾಂಶ, ಮೀನಿನ ಜಾತಿ ಬರೆಯುತ್ತಿದ್ದ. 'ಹಿಡಿದವರು' ಎಂದೊಂದು ಅಂಕಣ ಇತ್ತು. ಅದರಲ್ಲಿ ಮೊದಲ ಪುಟದಿಂದ ಇಲ್ಲಿಯವರೆಗೆ 'ಮ' ಎಂಬ ಒಂದೇ ಅಕ್ಷರ, ನೂರ ನಲವತ್ತಮೂರು ಸಲ.

ಹೊಸಪೇಟೆಯಲ್ಲಿ ತುಂಗಭದ್ರೆಯ ಕಾಲುವೆಯ ದಂಡೆ. ಆಗ ಅವನಿಗೆ ಒಂಬತ್ತು ವರ್ಷ. ಓಣಿಯ ಹುಡುಗರು ಸೂಜಿ ಬಗ್ಗಿಸಿ ಮಾಡಿದ ಗಾಳ ಹಿಡಿದು ನಿಂತಿದ್ದರೆ, ಅವನು ಕಾಲುವೆ ದಾಟುವ ಸಂಕದ ಮೇಲೆ ಬೋರಲು ಮಲಗಿ, ಬಿಸಿಲು ಬಿದ್ದ ನೀರಿನೊಳಗೆ ಕಣ್ಣು ನೆಟ್ಟು, "ಅಲ್ಲೈತಿ, ಕಲ್ಲಿನ ಬಾಜೂಕ" ಎಂದು ಬೆರಳು ತೋರಿಸುತ್ತಿದ್ದ. ಅವರಾರಿಗೂ ಕಾಣದ್ದು ಅವನಿಗೆ ಕಾಣುತ್ತಿತ್ತು. ಅವನ ಬೆರಳಿಲ್ಲದೆ ಅವರಿಗೆ ಒಂದು ಮೀನೂ ಬೀಳುತ್ತಿರಲಿಲ್ಲ ಎಂಬ ಹೆಮ್ಮೆಯಲ್ಲಿ ಹೊಟ್ಟೆಗೆ ತಾಗುವ ಸಿಮೆಂಟಿನ ಸುಡುವಿಕೆಯೂ ಹಿತವಾಗಿತ್ತು. ಅಪ್ಪ ಜಂಬಣ್ಣ ಬಟ್ಟೆ ಅಂಗಡಿಯಿಂದ ಊಟಕ್ಕೆ ಬರುವ ಹೊತ್ತು. ಸೈಕಲ್ಲು ನಿಂತದ್ದು ಅವನಿಗೆ ಕೇಳಿಸಿರಲಿಲ್ಲ. ತಿರುಗಿ ನೋಡಿದಾಗ ಅಪ್ಪ ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದ, ಎಷ್ಟು ಹೊತ್ತಿನಿಂದಲೋ. ಬೈಯಲಿಲ್ಲ, ಹೊಡೆಯಲಿಲ್ಲ. ಹಿಂದಿನ ಸೀಟಿಗೆ ಕೂರಿಸಿಕೊಂಡು ಮನೆಯ ತಿರುವಿನವರೆಗೆ ಸೈಕಲ್ಲು ತುಳಿದು, ಅಲ್ಲಿ, "ನಿನ್ನ ಕಣ್ಣು ಚಲೋ ಅದಾವಪಾ" ಅಂದ. ಅಷ್ಟೇ. ಅದು ಹೊಗಳಿಕೆಯೋ ಚುಚ್ಚುವಿಕೆಯೋ ಎಂಬುದು ಅವನಿಗೆ ಅವತ್ತೂ ಗೊತ್ತಾಗಲಿಲ್ಲ, ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾದ ಮೇಲೂ ಗೊತ್ತಾಗಿಲ್ಲ. ಯಾವುದಾದರೊಂದನ್ನು ನಂಬಿಕೊಂಡು ಸುಮ್ಮನಿರಬಹುದಿತ್ತು. ಆದರೆ ಅವನಿಗೆ ಖಚಿತವಲ್ಲದ್ದನ್ನು ನಂಬಿ ಅಭ್ಯಾಸವಿಲ್ಲ.

"ಸುಮ್ನೆ ನಿಂತ್ರೆ ಟೈಮ್ ಹೋಗಲ್ಲ ಕಣಣ್ಣ," ಎಂದು ಮಹದೇವ ದಪ್ಪ ಕೋಲನ್ನು ತಂದು ಕೈಗೆ ಕೊಟ್ಟ. ಚೆಂಡು ಕಟ್ಟುವ ತುದಿಯಲ್ಲಿ ಈಗ ಒಂದು ಗಾಳವಿತ್ತು. "ಹಿಡ್ಕೊಂಡಿರಿ ಅಷ್ಟೇ. ಹುಳ ಗಿಳ ಏನಿಲ್ಲ, ರಾಗಿ ಹಿಟ್ಟು, ಕಡ್ಲೆಕಾಯಿ ಹಿಂಡಿ, ಒಂದೆರಡು ಏಲಕ್ಕಿ. ನಿಮ್ ಮನೇಲ್ ಮಾಡೋ ಉಂಡೆಗಿಂತ ಮಡಿ."

"ಬೇಡ ಮಹದೇವ್."

"ಚೆಂಡಿಲ್ದೆ ಇದ್ರೆ ಮೀನೂ ಇಲ್ಲ ಬಿಡಿ. ಯಾವ್ದು ಬಂದು ಕಚ್ಚತ್ತೆ? ಮನ್ಸಿಗೆ ಸಮಾಧಾನಕ್ಕೆ."

ಅದು ತರ್ಕಬದ್ಧವಾಗಿ ಕೇಳಿಸಿತು. ಎಲ್ಲಿ ಎಂದು ಗೊತ್ತಿಲ್ಲದ ಮೇಲೆ ಹಾಕಿದ್ದು ಹಾಕಿದಂತಲ್ಲ. ಅವನು ಕೋಲು ಬೀಸಿದ. ಎರಡು ವರ್ಷ ಚೆಂಡು ಎಸೆದ ತೋಳು ಅದು; ಉಂಡೆ ಹೋಗಿ ಸರಿಯಾಗಿ ಅವನು ನೋಡಿದ ಕಡೆಯೇ, ಬಂಡೆಯ ಎಡಕ್ಕೆ ಬಿತ್ತು. ಸಣ್ಣ ಉಂಗುರ ಅಗಲವಾಗುತ್ತ ಹೋಗಿ ಅಳಿಸಿತು. ಪರದೆ ಇಲ್ಲದ ನದಿ ಬರೀ ನೀರು. ಹಸಿರು, ಮೇಲೆ ಎರಡು ಒಣ ಎಲೆ, ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವ ಸಪ್ಪಳ, ಅದು ಕಲ್ಲಿಗೆ ಬಡಿದು ಇಲ್ಲಿಗೆ ಬರುವಷ್ಟರಲ್ಲಿ ಬಟ್ಟೆ ಆಗಲೇ ಮೇಲೆದ್ದಿರುತ್ತಿತ್ತು. ಇಷ್ಟು ದಿನ ಇದು ಕೇಳಿಸಿರಲಿಲ್ಲವಲ್ಲ ಅಂದುಕೊಂಡ. ಗಾಳಿ ತಣ್ಣಗಿತ್ತು. ಎದೆಯ ಮೇಲಿನ ಬೆಳ್ಳಿ ಅಷ್ಟರಲ್ಲಿ ಮೈಯ ಬಿಸುಪಿಗೆ ಬಂದು, ಇದೆ ಎಂಬುದು ಮರೆಯುವಂತಿತ್ತು. ಏಳು ಐವತ್ತು. ಅವ್ವ ಈಗ ಸ್ನಾನ ಮುಗಿಸಿ ಹಣೆಗೆ ವಿಭೂತಿ ಎಳೆಯುತ್ತಿರಬಹುದು. ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದರದು ಬಾಕಿ. ಜಗಲಿಯಲ್ಲಿ ಅವಳು ಕಣ್ಣಿಗಿಂತ ಕೈಯನ್ನೇ ನಂಬುತ್ತಾಳೆ. ಈಗಲೂ ಫೋನು ಮಾಡಬಹುದು. ನಿಜ ಹೇಳಿದರೆ ಆಗುವುದೇನು? ಬೈಯುತ್ತಾಳೆಯೇ? ಅವ್ವ ಬೈಯುವುದಿಲ್ಲ. ಅವಳು ಒಂದು ಪ್ರಶ್ನೆ ಕೇಳುತ್ತಾಳೆ. ನಾನು ಹಿಡಿಯುವುದಿಲ್ಲ, ತೋರಿಸುತ್ತೇನೆ ಅಷ್ಟೇ. ಈ ಮಾತನ್ನು ಅವನು ಮನಸ್ಸಿನಲ್ಲಿ ಸಾವಿರ ಸಲ ಆಡಿಕೊಂಡಿದ್ದ; ಅವ್ವನ ಎದುರು ಗಟ್ಟಿಯಾಗಿ ಆಡಿದರೆ ಅದು ಹೇಗೆ ಕೇಳಿಸುತ್ತದೆಂದು ಮಾತ್ರ ಒಮ್ಮೆಯೂ ಊಹಿಸಿರಲಿಲ್ಲ.

ಎಂಟು ಗಂಟೆ ನಾಲ್ಕು ನಿಮಿಷಕ್ಕೆ ಬಂಡೆಯ ಮೇಲಿಟ್ಟಿದ್ದ ಫೋನು ಹೊಡೆದುಕೊಂಡಿತು. ಶಿವರಂಜನಿಯ ವಿಡಿಯೋ ಕರೆ. ಬೇರೆ ಭಾನುವಾರಗಳಲ್ಲಿ ಹೀಗಾಗುತ್ತಿರಲಿಲ್ಲ. ಚೆಂಡು ನೀರಿನಲ್ಲಿದ್ದಾಗ ಫೋನು ಅದರ ವೈಫೈಗೆ ಅಂಟಿಕೊಂಡಿರುತ್ತದೆ, ಮನೆಯ ವಾಟ್ಸಾಪ್ ಯಾವುದೂ ಮುಟ್ಟುವುದಿಲ್ಲ. ಇವತ್ತು ಚೆಂಡು ಮನೆಯಲ್ಲಿದ್ದ ಕಾರಣಕ್ಕೇ ಮನೆ ಇಲ್ಲಿಗೆ ಬಂದು ಮುಟ್ಟಿತ್ತು. ಅವನು ನೋಡುತ್ತ ನಿಂತ. ಅದು ನಿಂತು ಮತ್ತೆ ಶುರುವಾಯಿತು. ಅದೇ ಹೊತ್ತಿಗೆ ಕೋಲಿನ ತುದಿ ಒಮ್ಮೆ ತಲೆಯಾಡಿಸಿತು, ಇನ್ನೊಮ್ಮೆ ಆಡಿಸಿತು, ಆಮೇಲೆ ಸೀದಾ ನೀರಿಗೆ ಬಾಗಿತು.

"ಅಣ್ಣಾ! ಎಳೀತು! ಎತ್ತಿ, ಮೇಲಕ್ಕೆತ್ತಿ!"

"ಮಹದೇವ್, ನೀನು ಹಿಡ್ಕೋ, ಬಾ—"

"ನನ್ ಕೈಗ್ ಕೊಟ್ರೆ ದಾರ ಸಡಿಲ ಆಗಿ ಹೋಗತ್ತೆ! ನೀವೇ! ಅಯ್ಯೋ ಮನೇಯಿಂದ ಎರಡ್ನೇ ಸಲ ಫೋನ್, ಏನೋ ಅರ್ಜೆಂಟು, ಎತ್ಲಾ?"

"ಬೇಡ!"

ಆದರೆ ಮಹದೇವ ಎತ್ತಿಯಾಗಿತ್ತು. ಎತ್ತಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಚನ್ನವೀರೇಶನ ಮುಖಕ್ಕೆ ನೇರ ಮಾಡಿ, ಹಿಂದಿನಿಂದ ಇಣುಕಿ, "ನಮಸ್ಕಾರ ಅಮ್ಮಾ, ನಾನು ಮಹದೇವ, ತಿಂಡಿ ಆಯ್ತಾ?" ಅಂದ.

ಪರದೆಯ ತುಂಬ ಅವ್ವನ ಅಂಗೈ. ಅಂಗೈಯಲ್ಲಿ ಕಪ್ಪು ಚೆಂಡು, ಒದ್ದೆಯಾಗಿ, ದೀಪ ಮಿಣುಕಿಸುತ್ತ.

"ಚನ್ನವೀರಾ, ನಿನ್ನ ಸಂಚ್ಯಾಗ ಇದು ಯಾರ್ದಪಾ? ಕೈಗೆ ಹತ್ತಿದ ಕೂಡ್ಲೇ ಗೊತ್ತಾತು ಇದು ಅಲ್ಲ ಅಂತ. ಕೆಟ್ಟ ವಾಸನಿ ಹೊಡ್ಯಾಕತ್ತಿತ್ತು, ತೊಳದ್ರ ಹೋದೀತು ಅಂತ ನೀರು ಹಾಕೀನಿ, ಕಣ್ಣು ಬಿಡ್ತು ನೋಡು."

"ಮೇಲೆ ಮೀನಿನ ಚಿತ್ರ ಇದೆ ರೀ," ಶಿವರಂಜನಿಯ ಧ್ವನಿ. ಅಂಗೈ ಸರಿದು ಇಬ್ಬರ ಮುಖಗಳೂ ಬಂದವು. "ಅದೇನದು, ಕೈಯಲ್ಲಿ? ಯಾಕ್ ಹಾಗೆ ಬಗ್ಗಿದೀರಾ? ಅದು ಸೈಟಾ?"

"ಅವ್ವಾ, ಒಂದು ನಿಮಿಷ..."

"ದಾರ ಬಿಡಿ! ಬಿಡಿ, ಓಡ್ಲಿ ಅದು. ಹಾಂ, ಈಗ ಸುತ್ತಿ! ಕೋಲು ಇಳಿಸ್ಬೇಡಿ! ಅಮ್ಮಾ ಸ್ವಲ್ಪ ತಡೀರಿ, ದೊಡ್ಡದು ಬಿದ್ದಿದೆ," ಮಹದೇವ ಒಂದೇ ಉಸಿರಿಗೆ ಎರಡೂ ಕಡೆ ಮಾತಾಡುತ್ತಿದ್ದ.

"ಎಷ್ಟು ದೊಡ್ಡದು?" ಅವ್ವ ಕೇಳಿದಳು.

ಕೋಲಿನ ಮೂಲಕ ಮೊಣಕೈಗೆ, ಅಲ್ಲಿಂದ ಹೆಗಲಿಗೆ ಬರುತ್ತಿದ್ದುದನ್ನು ಚನ್ನವೀರೇಶ ಈ ಹಿಂದೆ ಯಾವ ಪರದೆಯಲ್ಲೂ ನೋಡಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಅಂಕಣವಿರಲಿಲ್ಲ. ಅದು ಬೇಡ, ಬೇಡ ಎಂದು ಎಳೆಯುತ್ತಿತ್ತು. ಅವನ ತೋಳು ಅವನನ್ನು ಕೇಳದೆ ಬಾ, ಬಾ ಎಂದು ಸುತ್ತುತ್ತಿತ್ತು. ಐದು ನಿಮಿಷವೋ, ಎರಡೋ. ದಂಡೆಯ ಕೆಸರಿಗೆ ಮೊದಲು ಬಾಲ ಬಡಿಯಿತು, ಆಮೇಲೆ ತಾಮ್ರದ ಬಣ್ಣದ ಮೈ. ರೋಹು, ಎರಡು ಕೆಜಿಗೆ ಕಡಿಮೆಯಿಲ್ಲ. ಅವನು ಕೋಲು ಬಿಟ್ಟು ಮಂಡಿಯೂರಿ ಎರಡೂ ಕೈಯಿಂದ ಒತ್ತಿ ಹಿಡಿದ. ಅದು ತಣ್ಣಗಿತ್ತು, ಮತ್ತು ಬರೀ ಸ್ನಾಯು. ತುಟಿಯಲ್ಲಿ ಸಿಕ್ಕಿದ್ದ ಗಾಳವನ್ನು ಹಿಂದಕ್ಕೆ ತಳ್ಳಿ ಬಿಡಿಸುವಾಗ ಅದರ ಮೊನೆ ಹೆಬ್ಬೆರಳಿಗೆ ಹೊಕ್ಕು ರಕ್ತ ಬಂತು. ಮೀನಿನ ಕಣ್ಣು ಅವನ ಕಡೆಗಿರಲಿಲ್ಲ, ಎಲ್ಲ ಕಡೆಗೂ ಇತ್ತು. ಅಂಗಿಯೊಳಗಿಂದ ಹಸಿರು ಸಂಚಿ ಹೊರಬಂದು ಅದರ ಮೇಲೆ ತೂಗಾಡತೊಡಗಿತು. ಸಂಚಿಗೆ ಕೆಸರು ತಾಗಬಾರದೆಂದು ಅವನು ಒಂದು ಕೈ ಎತ್ತಿದ. ಅಷ್ಟೇ ಸಾಕಾಯಿತು. ಮೀನು ಬಿಲ್ಲಿನ ಹಾಗೆ ಮಡಿದು, ನೆಟ್ಟಗಾಗಿ, ಅವನ ಮುಖಕ್ಕೆ ನೀರು ಸಿಡಿಸಿ ಹೋಯಿತು.

"ಛೇ! ಬಿಟ್ಬಿಟ್ರಲ್ಲ ಅಣ್ಣ!"

ಫೋನಿನಿಂದ ಅವ್ವನ ಧ್ವನಿ, ಮೆತ್ತಗೆ: "ಬಿಟ್ಟಿ? ಚಲೋ ಮಾಡಿದಿ."

"ಅಯ್ಯೋ, ಹಿಡಿದು ವಾಪಸ್ ಬಿಡೋದಾ?" ಶಿವರಂಜನಿ ಅಂದಳು. "ಅದನ್ನ ಹೇಳೋದಕ್ಕೆ ಏನ್ರೀ ನಿಮ್ಗೆ? ಟಿವೀಲಿ ತೋರಿಸ್ತಾರೆ, ಫಾರಿನ್ನಲ್ಲೆಲ್ಲ ಹಾಗೇ ಮಾಡೋದು."

ಮಹದೇವ ಫೋನಿನ ಹಿಂದಿನಿಂದ ಚನ್ನವೀರೇಶನಿಗೆ ಕಣ್ಣು ಮಿಟುಕಿಸಿದ. "ಹೂಂ ಅಮ್ಮ, ಅಣ್ಣ ಯಾವಾಗ್ಲೂ ಅಷ್ಟೇ, ಎಲ್ಲಾ ಬಿಟ್ಬಿಡ್ತಾರೆ."

ಹೊಸ ಸುಳ್ಳಿನ ಬಾಗಿಲು ತೆರೆದೇ ಇತ್ತು. ಬೆಳಕು, ಗಾಳಿ, ಒಳಗೆ ಹೋಗಿ ಕೂರಲು ಒಳ್ಳೆಯ ಮಣೆ. ಒಂದು 'ಹೂಂ' ಸಾಕಿತ್ತು; ಅದನ್ನೂ ಅನ್ನಬೇಕಿರಲಿಲ್ಲ, ಸುಮ್ಮನಿದ್ದರೆ ಆಗುತ್ತಿತ್ತು. ಅವನು ಹೆಬ್ಬೆರಳಿನ ರಕ್ತ ನೋಡಿಕೊಂಡ.

"ಇಲ್ಲ ಅವ್ವಾ," ಅಂದ. "ನಾನು ಬಿಡಲಿಲ್ಲ. ಜಾರಿತು. ಹಿಡಿಯಬೇಕು ಅಂತಲೇ ಇದ್ದೆ."

ಮಹದೇವ ಕಣ್ಣು ಮಿಟುಕಿಸುವುದನ್ನು ಬಿಟ್ಟು ಫೋನನ್ನು ಅವನ ಮುಖದ ಹತ್ತಿರ ತಂದ.

"ಮೊದಲೂ ಹಿಡದೀಯೇನು?"

"ಇವತ್ತೇ ಮೊದಲು."

"ತಿಂದೀಯೇನು?"

"ಇಲ್ಲ."

"ಮತ್ತ ಎರಡು ವರ್ಷದಿಂದ ಏನ್ ಮಾಡಿದಿ?"

"ತೋರಿಸಿದೆ. ಮಹದೇವ ಹಿಡಿದ. ನೂರ ನಲವತ್ತಮೂರು."

ಗಟ್ಟಿಯಾಗಿ ಆಡಿದಾಗ ಅದು ಹೇಗೆ ಕೇಳಿಸುತ್ತದೆಂದು ಈಗ ಗೊತ್ತಾಯಿತು. ಅವ್ವ ಬೈಯಲಿಲ್ಲ. ಪೊರೆ ತೆಗೆಸಿದ ಕಣ್ಣನ್ನು ಪರದೆಯ ಹತ್ತಿರ ತಂದು ಅವನನ್ನೇ ನೋಡಿದಳು. "ನಿಮ್ಮಪ್ಪ ಹೇಳಿದ್ದ," ಅಂದಳು. "ನೀ ಸಣ್ಣಾಂವ ಇದ್ದಾಗ. ಕಾಲುವಿ ಸಂಕದ ಮ್ಯಾಲ ಮಲಕೊಂಡು ಆ ಹುಡುಗರಿಗೆ ಮೀನ ತೋರಸ್ತಿದ್ದೆಂತ. 'ಇವನ ಕಣ್ಣು ಚಲೋ ಅದಾವ, ಕೈಗೇ ಧೈರ್ಯ ಇಲ್ಲ' ಅಂದು ನಕ್ಕ. ನಿನಗ ಅಂದಿದ್ದಿಲ್ಲೇನು?"

"ಅರ್ಧ ಅಂದಿದ್ದ."

"ಉಳಿದಿದ್ದು ಈಗ ಕೇಳಿದೆಲ್ಲ. ಲಿಂಗ ಎಲ್ಲೈತಿ?"

"ಕೊರಳಲ್ಲಿ."

"ಹಂಗಾರ ಕೈ ತೊಳಕೋ. ನೀರು ಎದುರಿಗೇ ಐತಿ, ಅಲ್ಲೇ ಕುಂತು ಪೂಜಾ ಮಾಡ್ಕೋ. ಇನ್ನ ಮ್ಯಾಲ ನಿನ್ನ ಪಾಲಿಂದು ನಾ ಮಾಡಂಗಿಲ್ಲ. ಹಿಡ್ಯಾಂವ ಆದ್ರ ಹಿಡಿ, ಬಿಡಾಂವ ಆದ್ರ ಬಿಡು, ಅದು ನಿನಗ ಬಿಟ್ಟದ್ದು. ಈ ಚೆಂಡನ್ನ ಮಾತ್ರ ಜಗಲಿಮ್ಯಾಲ ಇಡಬ್ಯಾಡ." ಅವಳು ಚೆಂಡನ್ನು ಸೆರಗಿನಿಂದ ಒರೆಸಿದಳು. ಪಿನ್ನುಗಳು ಒಣಗಿದವೋ ಏನೋ, ದೀಪ ಆರಿತು. "ಮಲಕೊಂತು," ಅಂದು ಅವಳು ಪರದೆಯಿಂದ ಆಚೆ ಸರಿದಳು.

ಮಹದೇವ ಫೋನನ್ನು ನಿಧಾನವಾಗಿ ಬಂಡೆಗೆ ಒರಗಿಸಿಟ್ಟ. ಹುಳದ ಡಬ್ಬಿ, ಕೋಲು, ಬುಟ್ಟಿ ಎಲ್ಲವನ್ನೂ ಸದ್ದಿಲ್ಲದೆ ಎತ್ತಿಕೊಂಡು, ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿ, ತೋಟದ ಕಡೆ ಹೋಗಿ ಒಂದು ತೆಂಗಿನ ಮರಕ್ಕೆ ಬೆನ್ನು ಮಾಡಿ ಕೂತ. ಚನ್ನವೀರೇಶ ನೀರಿಗಿಳಿದು ಮರಳಿನಿಂದ ಕೈ ಉಜ್ಜಿಕೊಂಡ. ಮೂರು ಸಲ ತೊಳೆದು ಮೂಸಿ ನೋಡಿದ. ವಾಸನೆ ಪೂರ್ತಿ ಹೋಗಿರಲಿಲ್ಲ. ಇನ್ನೊಂದು ಸಲ ತೊಳೆದ. ಈಗಲೂ ಸ್ವಲ್ಪ ಇತ್ತು. ಇದ್ದರೆ ಇರಲಿ ಎಂದು ಬಂಡೆಯ ಮೇಲೆ ಕಾಲು ಮಡಚಿ ಕೂತು, ಕರಡಿಗೆಯ ಮುಚ್ಚಳ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಬಲಗೈಯಿಂದ ಮೊಗೆದು ಶಿಂಷೆಯ ನೀರು ಬಿಟ್ಟ. ಹೆಬ್ಬೆರಳು ಚುರುಗುಟ್ಟಿತು. ಮಂತ್ರ ಮೊದಲ ಎರಡು ಸಾಲು ಬಂತು, ಮೂರನೆಯದು ತಕ್ಷಣ ಬರಲಿಲ್ಲ. ಅವನು ಅವಸರ ಮಾಡಲಿಲ್ಲ.

ಫೋನನ್ನು ಯಾರೂ ಆರಿಸಿರಲಿಲ್ಲ ಎಂಬುದು, ಪಕ್ಕದಿಂದ ಶಿವರಂಜನಿಯ ಧ್ವನಿ ಬಂದಾಗಲೇ ಅವನಿಗೆ ಗೊತ್ತಾದದ್ದು.

"ಸೈಟು ಚೆನ್ನಾಗಿದೆ ಕಣ್ರೀ," ಅಂದಳು ಅವಳು. "ನೀರು ಹನ್ನೊಂದು ಅಡಿಗೇ ಇದೆ ಅಂದಿದ್ರಲ್ಲ, ಅದೊಂದು ನಿಜ ಹೇಳಿದ್ರಿ. ಮುಂದಿನ ಸಲ ನಾವೂ ಬಂದು ನೋಡ್ತೀವಿ."

ಮೂರನೆಯ ಸಾಲು ನೆನಪಾಯಿತು.